ಕೀಲಿನೊಳಗಿನ ನುಣುಪು ಹೊದಿಕೆ

ಮಂಡಿನೋವಿನ ಪ್ರಸ್ತಾಪ ಬಂದಲ್ಲೆಲ್ಲ 'ಸವೆತ' ಎಂಬ ಮಾತು ತಪ್ಪದೆ ಬರುತ್ತದೆ. ಎಕ್ಸ್‌ರೇಯಲ್ಲಿ ಮಂಡಿಯ ಎರಡು ಮೂಳೆಗಳ ನಡುವಣ ತೆರವು ಕಿರಿದಾಗಿರುವುದನ್ನು ತೋರಿಸಿ ಹೀಗೆ ಹೇಳುವುದು ವಾಡಿಕೆಯಾದರೂ ಆ ತೆರವು ನಿಜಕ್ಕೂ ತೆರವಲ್ಲ. ಎಕ್ಸ್‌ರೇ ಚಿತ್ರದಲ್ಲಿ ಮೂಡದ ಮೃದ್ವಸ್ಥಿ ಅಲ್ಲಿ ತುಂಬಿಕೊಂಡಿರುತ್ತದೆ. ಕುರಿಯ ಕಾಲಿನ ಕೀಲನ್ನು ಬಿಡಿಸಿದಾಗ ಮೂಳೆಯ ತುದಿಗೆ ಅಂಟಿಕೊಂಡಂತೆ ಕಾಣುವ, ತುಸು ನೀಲಿ ಬೆರೆತ ಬಿಳುಪಿನ, ಬೆರಳಿಟ್ಟರೆ ಜಾರುವ ಹೊದಿಕೆಯೇ ಇದು. ಮಡಿಚಿ ಬಿಟ್ಟ ಕಿವಿ ಮತ್ತೆ ನೆಟ್ಟಗಾಗುವುದೂ ಮೃದ್ವಸ್ಥಿಯಿಂದಲೇ, ಆದರೆ ಅದು ಬೇರೊಂದು ಬಗೆಯದು.

ಮನುಷ್ಯನ ಮಂಡಿಯಲ್ಲಿ ಕೆಲವೇ ಮಿಲಿಮೀಟರ್ ದಪ್ಪವಿರುವ ಈ ಹೊದಿಕೆಯ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ. ಸಕ್ಕರೆಯ ಅಣುಗಳ ಉದ್ದನೆಯ ಸರಗಳನ್ನು ಹೊತ್ತ ಅಗ್ರಿಕ್ಯಾನ್ ಎಂಬ ಪ್ರೋಟೀನು ನೀರನ್ನು ಸೆಳೆದುಕೊಂಡು ಉಬ್ಬಲು ಹವಣಿಸಿದರೆ, ಕೊಲಾಜನ್ ಎಳೆಗಳ ಬಲೆ ಅದನ್ನು ಉಬ್ಬಗೊಡದೆ ಬಿಗಿಹಿಡಿಯುತ್ತದೆ. ಹೆಜ್ಜೆಯೂರಿದಾಗ ಬೀಳುವ ಭಾರವನ್ನು ಮೊದಲು ಹೊರುವುದು ಹೀಗೆ ಸೆರೆಸಿಕ್ಕ ನೀರು. ಸಂಧಿವಾತದ ಆರಂಭದಲ್ಲಿ ಈ ಬಲೆ ಸಡಿಲಗೊಳ್ಳುವುದರಿಂದ ಮೃದ್ವಸ್ಥಿ ಒಣಗುವ ಬದಲು ಇನ್ನಷ್ಟು ನೀರು ಕುಡಿದು ಮೆತ್ತಗಾಗುತ್ತದೆ. ಬಂಡಿಯ ಕೀಲು ತೇಯ್ದಂತೆ ಮಂಡಿ ತೇಯುತ್ತದೆ ಎಂಬ ಹೋಲಿಕೆ ಸೋಲುವುದು ಇಲ್ಲಿಯೇ.

ಮೃದ್ವಸ್ಥಿಯಲ್ಲಿ ರಕ್ತನಾಳಗಳೂ ಇಲ್ಲ, ನರಗಳೂ ಇಲ್ಲ. ಅದರೊಳಗೆ ವಿರಳವಾಗಿ ಹರಡಿಕೊಂಡಿರುವ ಜೀವಕೋಶಗಳು ಬಹುಪಾಲು ಆಹಾರವನ್ನು ಕೀಲಿನೊಳಗಿನ ಲೋಳೆಯಂಥ ದ್ರವದಿಂದ ಪಡೆಯಬೇಕಾಗಿದ್ದು, ಭಾರ ಬಿದ್ದಾಗ ನೀರು ಹೊರಹೋಗಿ ಭಾರ ಇಳಿದಾಗ ಮತ್ತೆ ಒಳಬರುವ ಓಡಾಟ ಇದಕ್ಕೆ ನೆರವಾಗುತ್ತದೆ. ಬಹುಕಾಲ ಅಲುಗಾಡದಂತೆ ಕಟ್ಟಿಟ್ಟ ಕಾಲಿನಲ್ಲಿ ಮೃದ್ವಸ್ಥಿ ತೆಳುವಾಗುವುದನ್ನು ನೋಡಿದರೆ, ಸವೆತಕ್ಕೆ ಹೆದರಿ ನಡಿಗೆಯನ್ನೇ ಬಿಡುವುದು ಎಷ್ಟು ತಲೆಕೆಳಗಾದ ಉಪಾಯವೆಂಬುದು ತಿಳಿಯುತ್ತದೆ.

ರಕ್ತಸಂಚಾರವಿಲ್ಲದ ಈ ಅಂಗಾಂಶ ಒಮ್ಮೆ ಹಾಳಾದರೆ ಚೇತರಿಸಿಕೊಳ್ಳದೆಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲಿಯೇ ಗುರುತಿಸಿದ್ದ. ರೋಗಿಯ ಮೃದ್ವಸ್ಥಿಯ ಕೋಶಗಳನ್ನೇ ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಮತ್ತೆ ಮಂಡಿಯೊಳಗಿಡುವ ಚಿಕಿತ್ಸೆಯನ್ನು ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದರಾದರೂ, ಅದು ಒಂದು ಕಡೆ ಆದ ಗಾಯಕ್ಕೆ ಒದಗಿಬರುವುದೇ ಹೊರತು ಇಡೀ ಕೀಲಿಗೆ ಹಬ್ಬಿದ ಸಂಧಿವಾತಕ್ಕಲ್ಲ.

ನರಗಳಿಲ್ಲದ ಮೃದ್ವಸ್ಥಿ ತಾನಾಗಿ ನೋಯುವುದಿಲ್ಲ. ನೋವು ಹುಟ್ಟುವುದು ಕೆಳಗಿನ ಮೂಳೆಯಲ್ಲಿ, ಕೀಲಿನ ಒಳಪೊರೆಯಲ್ಲಿ, ಸುತ್ತಣ ಕಟ್ಟುಗಳಲ್ಲಿ. ಆದ್ದರಿಂದಲೇ ಎಕ್ಸ್‌ರೇಯಲ್ಲಿ ತೆರವು ತೀರ ಕಿರಿದಾಗಿರುವವರು ಕೆಲವೊಮ್ಮೆ ಸಲೀಸಾಗಿ ಮೆಟ್ಟಿಲು ಹತ್ತಿದರೆ, ಚಿತ್ರದಲ್ಲಿ ಅಷ್ಟೇನೂ ಕೆಡದ ಮಂಡಿಯವರು ಗೋಡೆ ಹಿಡಿದು ಏಳುವುದುಂಟು.