ಟಾಕೀಸಿನ ಕಥೆ ಮಗಳಿಗೆ ಪೂರ್ತಿ ಹೇಳಿ

ಬೆಂಗಳೂರಿನ ಗಾಂಧಿನಗರದ ಕಪಾಲಿ 2017ರಲ್ಲಿ ಬಾಗಿಲು ಹಾಕಿತು. 1974ರಲ್ಲಿ ರಾಜ್‌ಕುಮಾರ್ ಅವರ ‘ಬಂಗಾರದ ಪಂಜರ’ದೊಂದಿಗೆ ಶುರುವಾಗಿದ್ದ ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ ನಿಂತುಹೋಯಿತು. ನಿಮ್ಮ ಬಡಾವಣೆಯ ಟಾಕೀಸ್ ಇದ್ದ ಜಾಗದಲ್ಲೂ ಈಗ ಅಪಾರ್ಟ್‌ಮೆಂಟೋ ಕಲ್ಯಾಣ ಮಂಟಪವೋ ಎದ್ದಿರಬಹುದು. ಆ ಕಡೆ ಹೋದಾಗಲೆಲ್ಲ ‘ಇಲ್ಲೇ ಕಣೇ ನಾವು ಮ್ಯಾಟಿನಿ ನೋಡ್ತಿದ್ದಿದ್ದು’ ಅಂತ ಮಗಳಿಗೆ ತೋರಿಸಿರುತ್ತೀರಿ, ಅಲ್ವಾ?

ನಿಮ್ಮ ಹದಿನೈದು, ಹದಿನಾರರ ವಯಸ್ಸನ್ನು ನೆನಪು ಮಾಡಿಕೊಳ್ಳಿ. ಸಿನಿಮಾಗೆ ಹೋಗಬೇಕಾದರೆ ಅಮ್ಮನ ಮೂಲಕ ಅಪ್ಪನಿಗೆ ಅರ್ಜಿ. ಜತೆಗೆ ಪಕ್ಕದ ಮನೆ ಅತ್ತೆಯೋ ಎಂಟು ವರ್ಷದ ತಮ್ಮನೋ ಕಾವಲು. (ಒಂದು ಪೊಟ್ಟಣ ಕಡಲೇಕಾಯಿ ಕೊಡಿಸಿದರೆ ತಮ್ಮ ಬಾಯಿ ಬಿಡುತ್ತಿರಲಿಲ್ಲ ಅನ್ನೋದು ಬೇರೆ ಮಾತು!) ಹೆಂಗಸರದೇ ಕ್ಯೂ ಇದ್ದ ಕಡೆ ನಮಗೆಷ್ಟು ಗತ್ತು! ಗಂಡಸರು ಬೆವರಿಳಿಸಿಕೊಂಡು ನೂಕಾಡುತ್ತಿದ್ದರೆ ನಾವು ಆರಾಮಾಗಿ ಟಿಕೆಟ್ ತಗೊಂಡು ಒಳಗೆ ಹೋಗುತ್ತಿದ್ದೆವು. ಇಂಟರ್‌ವಲ್‌ನಲ್ಲಿ ಗೋಲಿ ಸೋಡಾ, ಹೀರೊ ಬಂದಾಗ ಗಾಂಧಿ ಕ್ಲಾಸಿನ ಶಿಳ್ಳೆ. ಮನೆ, ಸ್ಕೂಲು, ದೇವಸ್ಥಾನ ಬಿಟ್ಟರೆ ಹುಡುಗಿಯರಿಗೆ ಗೆಳತಿಯರ ಜತೆ ಕೂತು ಜೋರಾಗಿ ನಗೋಕೆ ಇದ್ದ ಜಾಗ ಅದೊಂದೇ.

ಆದರೆ ಬಳೆಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದ ಸೇಫ್ಟಿ ಪಿನ್ನು? ಅದನ್ನು ಮಗಳಿಗೆ ಹೇಳಿದ್ದೀರಾ? ಹಿಂದಿನ ಸೀಟಿನಿಂದ ಚಾಚಿದ ಕಾಲು, ಲೈಟ್ ಆರಿದ ಮೇಲೆ ಪಕ್ಕದಿಂದ ಹರಿದು ಬಂದ ಕೈ... ಎಷ್ಟೋ ಹೆಣ್ಣುಮಕ್ಕಳು ಅರ್ಧ ಸಿನಿಮಾವನ್ನು ಸೀಟಿನ ತುದಿಯಲ್ಲಿ ಮುದುರಿಕೊಂಡೇ ನೋಡಿದ್ದಾರೆ. ಮನೆಗೆ ಬಂದು ಮಾತ್ರ ತುಟಿಪಿಟಿಕ್ ಎನ್ನುತ್ತಿರಲಿಲ್ಲ. ಯಾಕೆ ಹೇಳಿ? ಹೇಳಿದರೆ ಮುಂದಿನ ಸಿನಿಮಾಗೆ ಕತ್ತರಿ. ತಪ್ಪು ಅವನದು, ಶಿಕ್ಷೆ ನಮಗೆ.

ಈಗ ನಿಮ್ಮ ಮಗಳು ಗೆಳತಿಯರ ಜತೆ ಮಾಲ್‌ಗೆ ಹೊರಟಿದ್ದಾಳೆ. ಮೆತ್ತನೆ ಸೀಟು, ಎ.ಸಿ., ಸಿಸಿಟಿವಿ ಎಲ್ಲ ಇದೆ ನಿಜ. ಆದರೆ ಅವಳೂ ನಿಮ್ಮ ಹಾಗೇ ಲೆಕ್ಕ ಹಾಕುತ್ತಾಳೆ: ‘ಅಮ್ಮಂಗೆ ಹೇಳಿದ್ರೆ ಇನ್ಮುಂದೆ ಕಳಿಸಲ್ಲ’. ಆ ಲೆಕ್ಕ ತಪ್ಪಿಸುವುದು ನಿಮ್ಮ ಕೈಯಲ್ಲಿದೆ. ಪಿನ್ನಿನ ಕಥೆಯನ್ನೂ ಹೇಳಿ. ‘ಏನೇ ಆದ್ರೂ ಹೇಳು, ನಿನ್ನ ಓಡಾಟ ನಿಲ್ಸಲ್ಲ’ ಅಂತ ಬಾಯಿ ಬಿಟ್ಟು ಹೇಳಿ. ಅವಳು ಬಂದು ಹೇಳಿದ ದಿನ ಆ ಮಾತು ಉಳಿಸಿಕೊಳ್ಳಿ, ಅದೇ ಕಷ್ಟದ ಕೆಲಸ. ‘ಯಾಕೆ ಆ ಡ್ರೆಸ್ ಹಾಕ್ಕೊಂಡೆ’ ಎಂಬ ಪ್ರಶ್ನೆ ಮಾತ್ರ ಬೇಡ.

ಕಿರುಕುಳ ಶುರುವಾದರೆ ತಕ್ಷಣ ಎದ್ದು ನಿಂತು ಜೋರಾಗಿ ಕೂಗಲಿ, ಸಿಬ್ಬಂದಿಯನ್ನು ಕರೆಯಲಿ. ಹದಿನೆಂಟು ತುಂಬದ ಮಕ್ಕಳ ಮೈಮೇಲೆ ಕೆಟ್ಟ ಉದ್ದೇಶದಿಂದ ಕೈ ಹಾಕುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಮಕ್ಕಳ ಸಹಾಯವಾಣಿ 1098, ತುರ್ತು ನೆರವಿಗೆ 112. ಎರಡನ್ನೂ ಅವಳ ಮೊಬೈಲ್‌ನಲ್ಲಿ ಹಾಕಿಕೊಡಿ.

ಅಂದಹಾಗೆ, ಈ ಮಾತು ನಡೆಯುವಾಗ ಮಗನನ್ನು ‘ನೀನು ಆಚೆ ಹೋಗೋ’ ಅಂತ ಎಬ್ಬಿಸಬೇಡಿ. ಅವನೂ ಕೂತು ಕೇಳಲಿ.