ಕಾರಿನೊಳಗಿನ ಎರಡು ತಂತಿ

ಹಳೆಯ ಮಾರುತಿ 800ರಲ್ಲಿ ಆಕ್ಸಿಲರೇಟರ್ ಪೆಡಲಿನಿಂದ ಕಾರ್ಬ್ಯುರೇಟರಿನವರೆಗೆ ಒಂದು ಕೇಬಲ್ ಇರುತ್ತಿತ್ತು. ತುಳಿದರೆ ಕೇಬಲ್ ಎಳೆಯುತ್ತಿತ್ತು, ಎಂಜಿನ್ ಓಗೊಡುತ್ತಿತ್ತು. ಈಗಿನ ಕಾರುಗಳಲ್ಲಿ ಆ ಕೇಬಲ್ಲೇ ಇಲ್ಲ. ಪೆಡಲಿನ ಸೆನ್ಸರ್ ನೀವು ಎಷ್ಟು ತುಳಿದಿರಿ ಎಂದು ಅಳೆದು ಇಸಿಯು ಎಂಬ ಪುಟ್ಟ ಕಂಪ್ಯೂಟರಿಗೆ ತಿಳಿಸುತ್ತದೆ. ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಎಂದು ತೀರ್ಮಾನಿಸುವುದು ಅದೇ.

ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು, ಸ್ಟೀರಿಂಗಿಗೊಂದು ಎಂದು ಇಂಥ ಕಂಪ್ಯೂಟರುಗಳು ಒಂದೇ ಕಾರಿನಲ್ಲಿ ಹತ್ತಾರು. ಪ್ರತಿಯೊಂದರಿಂದ ಪ್ರತಿಯೊಂದಕ್ಕೂ ತಂತಿ ಎಳೆಯುತ್ತ ಹೋದರೆ ಕಾರಿನ ತುಂಬ ತಂತಿಯೇ. ಇದಕ್ಕೆ ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಜಗತ್ತಿನ ಮುಂದಿಟ್ಟ ಪರಿಹಾರ ‘ಕ್ಯಾನ್’ ಜಾಲ: ಒಂದಕ್ಕೊಂದು ಹೊಸೆದ ಎರಡೇ ತಂತಿ, ಅದಕ್ಕೇ ಎಲ್ಲ ಕಂಪ್ಯೂಟರುಗಳ ಜೋಡಣೆ. ಒಂದು ಮಾತಾಡಿದರೆ ಉಳಿದವಕ್ಕೆಲ್ಲ ಕೇಳಿಸುತ್ತದೆ. ಎರಡು ಒಟ್ಟಿಗೇ ಬಾಯಿ ತೆರೆದರೆ? ಪ್ರತಿ ಸಂದೇಶದ ತಲೆಯಲ್ಲೊಂದು ಸಂಖ್ಯೆ ಇರುತ್ತದೆ. ಸಣ್ಣ ಸಂಖ್ಯೆಯದು ಮುಂದೆ ಹೋಗುತ್ತದೆ, ದೊಡ್ಡದು ತಾನಾಗಿ ಸುಮ್ಮನಾಗಿ ಸರದಿ ಕಾಯುತ್ತದೆ. ಬ್ರೇಕಿನ ಸುದ್ದಿಗೆ ಕಿಟಕಿ ಗಾಜಿನ ಸುದ್ದಿ ಅಡ್ಡ ಬರುವುದಿಲ್ಲ. ಇಷ್ಟು ಸರಳವಾದ ಉಪಾಯ ಇಷ್ಟು ವರ್ಷ ಬಾಳಿದ್ದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಸಂದೇಶ ಕಳಿಸಿದ್ದು ಯಾರು ಎಂದು ಈ ಜಾಲ ವಿಚಾರಿಸುವುದಿಲ್ಲ. ಕಾರು ಮುಚ್ಚಿದ ಪೆಟ್ಟಿಗೆಯಾಗಿದ್ದ ಕಾಲಕ್ಕೆ ಆ ವಿಚಾರಣೆ ಬೇಕಿರಲಿಲ್ಲ. ಕಾರಿಗೆ ಇಂಟರ್ನೆಟ್ ಬಂದ ಮೇಲೆ ಬೇಕಾಯಿತು. 2015ರಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಶೋಧಕರಾದ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಮನೆಯಲ್ಲೇ ಕುಳಿತು, ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯ ಮ್ಯೂಸಿಕ್ ಸಿಸ್ಟಮ್ ಮೂಲಕ ಈ ಜಾಲದೊಳಗೆ ನುಗ್ಗಿದರು. ಚಾಲಕ ಆಕ್ಸಿಲರೇಟರ್ ತುಳಿದರೂ ಗಾಡಿ ವೇಗ ಕಳೆದುಕೊಂಡಿತು. ಚಾಲಕನಾಗಿದ್ದ ಪತ್ರಕರ್ತ ಒಪ್ಪಿಯೇ ನಡೆಸಿದ ಪರೀಕ್ಷೆ ಅದು. ಆದರೂ ಜೀಪ್ ತಯಾರಿಸುವ ಕಂಪನಿ 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಯುರೋಪಿನಲ್ಲಿ 2024ರ ಜುಲೈನಿಂದ ಹೊಸ ಕಾರುಗಳಿಗೆಲ್ಲ ಸೈಬರ್ ಸುರಕ್ಷತೆ ಕಡ್ಡಾಯ.

ಮುಂದಿನ ದಾರಿ ಸ್ಪಷ್ಟವಾಗಿಯೇ ಇದೆ. ಹತ್ತಾರು ಪುಟ್ಟ ಕಂಪ್ಯೂಟರುಗಳ ಕೆಲಸವನ್ನು ಶಕ್ತಿಶಾಲಿಯಾದ ಒಂದೆರಡಕ್ಕೆ ವಹಿಸುವುದು, ಫೋನಿನಂತೆ ಕಾರಿಗೂ ರಾತ್ರೋರಾತ್ರಿ ಅಪ್‌ಡೇಟ್ ಕಳಿಸುವುದು. ಕಾರಿನ ಇಂಥ ಸಾಫ್ಟ್‌ವೇರಿನ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತಿದೆ. ಬಾಷ್ ಇಲ್ಲಿದೆ, ಮರ್ಸಿಡಿಸ್ ಬೆಂಜ್ ಸಂಶೋಧನಾ ಕೇಂದ್ರ 1996ರಿಂದ ಇಲ್ಲಿದೆ. ಅದೇ ಊರಿನ ಬೀದಿಬದಿಯ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿ ದೋಷದ ಕೋಡ್ ಓದಬಲ್ಲ. ಆದರೆ ಹೊಸ ಬಿಡಿಭಾಗ ಹಾಕಿದ ಮೇಲೆ ಅದನ್ನು ಕಾರು ಒಪ್ಪಿಕೊಳ್ಳುವಂತೆ ಮಾಡಲು ಎಷ್ಟೋ ಸಲ ಕಂಪನಿಯದೇ ಪಾಸ್‌ವರ್ಡ್ ಬೇಕು. ಇದು ಅನ್ಯಾಯ. ದುರಸ್ತಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ರಚಿಸಿದ ಸಮಿತಿಯ ವ್ಯಾಪ್ತಿಗೆ ವಾಹನಗಳನ್ನೂ ಸೇರಿಸಿದ್ದು ಸರಿಯಾಗಿಯೇ ಇದೆ.

ಶೋರೂಮಿಗೆ ಹೋದಾಗ ಮೈಲೇಜು, ಸನ್‌ರೂಫ್ ವಿಚಾರಿಸಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ: ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ? ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಬಹುದೇ? ಉತ್ತರವನ್ನು ಬರಹದಲ್ಲೇ ಪಡೆಯಿರಿ.