ತೇರಿನ ಗಡಗಡ, ಬೀದಿಯ ಬಿಕೋ

ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ನಂಜನಗೂಡಿನ ರಥಬೀದಿಗೆ ಐದು ತೇರುಗಳು ಇಳಿಯುತ್ತವೆ. ಶ್ರೀಕಂಠೇಶ್ವರನ ಗೌತಮ ರಥವೇ ದೊಡ್ಡದು. ಹಗ್ಗ ಬಿಗಿದೊಡನೆ ಅಚ್ಚು ಕಿರ್ರೆನ್ನುತ್ತದೆ, ಗಾಲಿ ಗಡಗಡ ಉರುಳುತ್ತದೆ, ಭಕ್ತರು ಎಸೆದ ಹಣ್ಣು-ಜವನ ತೇರಿಗೆ ತಗುಲಿ ಪಟ್ಟನೆ ನೆಲಕ್ಕೆ ಬೀಳುತ್ತದೆ. ಕಿರ್ರ್, ಗಡಗಡ, ಪಟ್ಟನೆ: ಸದ್ದನ್ನು ಅನುಕರಿಸಿ ಹುಟ್ಟಿದ ಇಂಥ ಪದಗಳಿಗೆ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಹೆಸರು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲೇ ಇವಕ್ಕೆ ಜಾಗ ಕೊಟ್ಟಿದ್ದಾನೆ.

ಅನುಕರಣೆ ಎಂದ ಮಾತ್ರಕ್ಕೆ ಕೇಳಿದ್ದೆಲ್ಲ ಹಾಗೆಯೇ ಮಾತಿಗೆ ಇಳಿಯುವುದಿಲ್ಲ. ನಮ್ಮ ನಾಯಿ ಬೌಬೌ ಎಂದರೆ ಜಪಾನಿಯರ ನಾಯಿ ವಾನ್‌ವಾನ್ ಎನ್ನುತ್ತದೆ. ಕೇಳುವ ಕಿವಿ ಒಂದೇ, ಆಡುವ ನಾಲಿಗೆ ಬೇರೆ. ಆ ನಾಲಿಗೆಗೂ ಒಂದು ಲೆಕ್ಕವಿದೆ. ಪುಟ್ಟ ಗಂಟೆಗೆ ಇಕಾರ ಹಿಡಿಸುತ್ತದೆ, ಅದು ಕಿಣಿಕಿಣಿ. ದೇವಸ್ಥಾನದ ದೊಡ್ಡ ಗಂಟೆಗೆ ಅಕಾರ ಬೇಕು, ಅದು ಢಣಢಣ. ಬೇಸಿಗೆಯಲ್ಲಿ ನಂಜನಗೂಡಿನ ನದಿ ಕಪಿಲೆ ಜುಳುಜುಳು ಹರಿಯುತ್ತಾಳೆ. ಮಳೆಗಾಲದಲ್ಲಿ ಮೇಲಿನ ಕಬಿನಿ ಅಣೆಕಟ್ಟೆಯ ಬಾಗಿಲು ತೆರೆದರೆ ಹದಿನಾರು ಕಾಲು ಮಂಟಪವನ್ನು ಮುಳುಗಿಸಿ, ಭೋರ್ಗರೆಯುತ್ತ ತಿರುಮಕೂಡಲಿನತ್ತ, ಕಾವೇರಿಯನ್ನು ಕೂಡಲು ಹೊರಡುತ್ತಾಳೆ. ಹಗುರಕ್ಕೆ ಜುಳು, ಭಾರಕ್ಕೆ ಭೋರ್. ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಕಲಿಯುತ್ತಾರೆ.

ನನಗೆ ಇವುಗಳಲ್ಲಿ ಅತ್ಯಂತ ಸೊಗಸೆನಿಸುವುದು ಜೊತೆಗೆ ಬರುವ ‘ಎನ್’ ಧಾತು. ಎನ್ ಎಂದರೆ ಹೇಳು. ತೆಂಗಿನಕಾಯಿ ಬಿದ್ದಾಗ ‘ಧೊಪ್ ಎಂದು ಬಿತ್ತು’ ಎನ್ನುತ್ತೇವೆ, ‘ಧೊಪ್ಪೆಂದು’ ಎನ್ನುತ್ತೇವೆ, ‘ಧೊಪ್ಪನೆ’ ಎಂದೂ ಎನ್ನುತ್ತೇವೆ. ಕಾಯಿ ಬರೀ ಬೀಳಲಿಲ್ಲ. ಧೊಪ್ ಎಂಬ ಮಾತು ಹೇಳಿ ಬಿತ್ತು. ಕನ್ನಡದಲ್ಲಿ ಬಾಯಿಲ್ಲದ ವಸ್ತುವೂ ನುಡಿಯುತ್ತದೆ. ಇಂಥ ಪದಗಳು ಕನ್ನಡಕ್ಕಷ್ಟೇ ಸೇರಿದವಲ್ಲ. ಕೊಡಗು ಮತ್ತು ನೀಲಗಿರಿಯ ಭಾಷೆಗಳನ್ನು ಅಲ್ಲಿಯೇ ಇದ್ದು ಕಲಿತ ವಿದ್ವಾಂಸ ಎಂ. ಬಿ. ಎಮೆನೊ 1969ರ ಲೇಖನವೊಂದರಲ್ಲಿ, ಇಂಥ ಅನುಕರಣ ಪದಗಳು ದ್ರಾವಿಡ, ಆರ್ಯ ಎಂಬ ಭೇದವಿಲ್ಲದೆ ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಲಕ್ಷಣವೆಂದು ತೋರಿಸಿದರು.

ಎನ್ ಇಷ್ಟಕ್ಕೆ ನಿಲ್ಲುವುದಿಲ್ಲ. ಪಾತ್ರೆಯ ಹೊಳಪು ಥಳಥಳ, ಒಗ್ಗರಣೆ ಘಮಘಮ, ಮೈ ಜುಮ್ಮೆನ್ನುತ್ತದೆ; ಇವುಗಳಲ್ಲಿ ಕಿವಿಗೆ ಕೆಲಸವೇ ಇಲ್ಲ. ಜಾತ್ರೆ ಮುಗಿದ ಮೇಲೆ ರಥಬೀದಿ ‘ಬಿಕೋ’ ಎನ್ನುತ್ತದೆ! ಸದ್ದೇ ಇಲ್ಲದ್ದಕ್ಕೂ ಕನ್ನಡ ಒಂದು ಸದ್ದು ಕಟ್ಟಿಕೊಟ್ಟಿದೆ.

ಕೆಲವು ಸದ್ದುಗಳು ವಸ್ತುವಿನ ಹೆಸರೇ ಆಗಿ ಉಳಿದವು. ಬುಡುಬುಡು ಎನ್ನುವ ಪುಟ್ಟ ವಾದ್ಯ ಬುಡುಬುಡಿಕೆಯಾಯಿತು, ಅದನ್ನು ಆಡಿಸುತ್ತ ಬರುವವನು ಬುಡುಬುಡಿಕೆಯವನಾದ. ನಂಜನಗೂಡಿನ ಸೀಮೆಯಲ್ಲಿ ಮಂಟೇಸ್ವಾಮಿಯ ಜನಪದ ಕಥೆ ಹಾಡುವ ನೀಲಗಾರರ ಕೈಯ ವಾದ್ಯ ಗಗ್ಗರಕ್ಕೂ ಸದ್ದೇ ಮೂಲ. ಅದು ಸಂಸ್ಕೃತ ಘರ್ಘರದ ತದ್ಭವ, ಘರ್ಘರವೂ ಸದ್ದಿನಿಂದಲೇ ಬಂದದ್ದು. ಇನ್ನು ಕೆಲವು ಸದ್ದುಗಳು ರೂಪಕವಾದವು. ಹಳಗನ್ನಡದಲ್ಲಿ ಬೆಂಕಿಯ ಜ್ವಾಲೆ ‘ಭುಗಿಲ್’ ಎನ್ನುತ್ತಿತ್ತು. ಇಂದು ಆಕ್ರೋಶ ಭುಗಿಲೆದ್ದಿತು ಎಂದು ಪತ್ರಿಕೆ ಬರೆದಾಗ ಅಲ್ಲಿ ಕೇಳುವುದು ಅದೇ ಉರಿಯ ಸದ್ದು.